ಹುಣ್ಣಿಮೆಯ ವರ್ಧಂತಿ

ನಮ್ಮ ತಾಯಿಯವರಿಗೆ ಹುಟ್ಟಿದ ದಿನಗಳು ಮೂರು. ಮೊದಲನೆಯದು ಶಾಲೆಯ ದಾಖಲೆ ಪುಸ್ತಕದಲ್ಲಿರುವ ಜೂನ್ ಒಂದನೆಯ ತಾರೀಖು; ಮಗುವನ್ನು ಶಾಲೆಗೆ ಸೇರಿಸಲು ಬಂದ ಅಜ್ಜಯ್ಯನವರು ‘ಮಕರ ಮಾಸ, ಪುಷ್ಯ ನಕ್ಷತ್ರ’ ಎಂದು ಹೇಳಿದುದನ್ನು ಇಂಗ್ಲಿಷ್ ತಾರೀಖಿಗೆ ತಿರುಗಿಸುವಷ್ಟು ವ್ಯವಧಾನ ಅಂದಿನ ಹೆಡ್ಮಾಸ್ತರರಿಗೆ ಇರಲಿಲ್ಲವಾಗಿ, ಬೇಸಗೆಯ ರಜೆ ಮುಗಿದು ಶಾಲೆ ತೆರೆಯುವ ದಿನವನ್ನೇ ಆಕೆಯ ಜನ್ಮದಿನವೆಂದು ತಮ್ಮ ದುಂಡು ಅಕ್ಷರಗಳಲ್ಲಿ ಬರೆದುಕೊಂಡರು; ಆ ತಲೆಮಾರಿನಲ್ಲಿ ಶಾಲೆಯ ಮೆಟ್ಟಿಲು ಹತ್ತಿದ ಅಸಂಖ್ಯಾತ ಮಕ್ಕಳು ಹೀಗೆಯೇ ಜೂನ್ ಒಂದರಂದು ಹುಟ್ಟಿದವರಾದರು, ಮತ್ತು ಇಂದು ಅಮ್ಮನ ಆಧಾರ್ ಕಾರ್ಡಿನ ಮೇಲಿರುವುದೂ ಅದೇ ದಿನ. ಎರಡನೆಯದು ನಾವು ಮಕ್ಕಳು ಬೆಳೆದು ಜಾತಕವನ್ನೂ ಹಳೆಯ ಪಂಚಾಂಗವನ್ನೂ ಎದುರೆದುರು ಇಟ್ಟುಕೊಂಡು ಹುಡುಕಿ ತೆಗೆದ 1943ರ ಜನವರಿ 21. ಮೂರನೆಯದು ಆಕೆ ತನ್ನದೆಂದು ಒಪ್ಪಿಕೊಂಡಿರುವ ಒಂದೇ ದಿನ. ಅದು ಯಾವ ಗೋಡೆಯ ಕ್ಯಾಲೆಂಡರಿನಲ್ಲಿಯೂ ಒಂದು ಮನೆಯಲ್ಲಿ ನಿಲ್ಲುವುದಿಲ್ಲ, ವರ್ಷವರ್ಷವೂ ಸರಿಯುತ್ತ ಹೋಗುತ್ತದೆ, ಆದರೂ ಒಮ್ಮೆಯೂ ತಪ್ಪಿದ್ದಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಘಟ್ಟದ ಮೇಲಿನ ನಮ್ಮ ಬಂಧುಗಳು ಚೈತ್ರ ಶುದ್ಧ ಪಾಡ್ಯದಂದು ಬೇವುಬೆಲ್ಲ ತಿಂದು ಹೊಸ ವರ್ಷವನ್ನು ಆರಂಭಿಸಿದರೆ, ಕರಾವಳಿಯ ನಾವು ಸೂರ್ಯನು ಮೇಷರಾಶಿಯನ್ನು ಪ್ರವೇಶಿಸುವ ವಿಷುವಿನಂದು ಆರಂಭಿಸುತ್ತೇವೆ; ನಮ್ಮ ಮದುವೆಯ ಕಾಗದಗಳಲ್ಲಿ ಇಂದಿಗೂ ‘ಮಕರ ಮಾಸ ದಿನ ಇಷ್ಟು ಸಲುವ ತಾರೀಖು ಇಷ್ಟು’ ಎಂದು ಸೌರಮಾಸವೇ ಮುಂದಾಗಿ ಬರುತ್ತದೆ. ಆದುದರಿಂದ ನಮ್ಮಲ್ಲಿ ವರ್ಧಂತಿಯೆಂದರೆ ಸೂರ್ಯನಿರುವ ಮಾಸ ಮತ್ತು ಚಂದ್ರನಿರುವ ನಕ್ಷತ್ರ, ಇವೆರಡೂ ಹುಟ್ಟಿದಾಗ ಇದ್ದಂತೆ ಮತ್ತೊಮ್ಮೆ ಕೂಡಿಬರುವ ದಿನ. ತುಳುವರು ಪುಯಿಂತೆಲ್ ಎನ್ನುವ ಮಕರ ಮಾಸದಲ್ಲಿ, ಪುಷ್ಯ ನಕ್ಷತ್ರದಲ್ಲಿ ಹುಟ್ಟಿದವರ ಮಟ್ಟಿಗೆ ಈ ಕೂಟಕ್ಕೆ ಒಂದು ವಿಶೇಷವಿದೆ. ಪುಷ್ಯ ನಕ್ಷತ್ರವಿರುವುದು ಕರ್ಕಾಟಕ ರಾಶಿಯಲ್ಲಿ. ಕರ್ಕಾಟಕವಾದರೋ ಮಕರಕ್ಕೆ ಏಳನೆಯ ರಾಶಿ, ಅಂದರೆ ಆಕಾಶದ ಚಕ್ರದಲ್ಲಿ ಅದಕ್ಕೆ ನೇರ ಎದುರಿನದು. ಸೂರ್ಯನು ಮಕರದಲ್ಲಿರುವಾಗ ಚಂದ್ರನು ಪುಷ್ಯಕ್ಕೆ ಬಂದನೆಂದರೆ ಇಬ್ಬರೂ ಭೂಮಿಯ ಎರಡು ಮಗ್ಗುಲಲ್ಲಿ ಎದುರುಬದುರಾಗಿ ನಿಂತಿರುತ್ತಾರೆ. ಹಾಗೆ ನಿಂತಾಗಲೇ ತಾನೆ ಹುಣ್ಣಿಮೆ! ಆದಕಾರಣ ಈ ಮಾಸ ಈ ನಕ್ಷತ್ರಗಳವರ ವರ್ಧಂತಿ ಯಾವ ವರ್ಷವೇ ಆಗಲಿ ಶುಕ್ಲಪಕ್ಷದ ತ್ರಯೋದಶಿಯಿಂದ ಕೃಷ್ಣಪಕ್ಷದ ಬಿದಿಗೆಯೊಳಗೆ ಬೀಳಲೇಬೇಕು. ಅಮ್ಮನಿಗೆ ಈ ಗಣಿತವನ್ನು ಯಾರೂ ಹೇಳಿಕೊಟ್ಟದ್ದಲ್ಲ. ‘ನನ್ನ ಹುಟ್ಟುಹಬ್ಬಕ್ಕೆ ದೀಪ ಬೇಡ, ಅಂಗಳದಲ್ಲೇ ಬೆಳಕಿರುತ್ತದೆ’ ಎಂದು ಆಕೆ ಚಿಕ್ಕಂದಿನಿಂದಲೂ ಹೇಳುತ್ತಿದ್ದುದನ್ನು ನಾವು ಹುಡುಗರು ಏನೋ ಒಂದು ಮಾತೆಂದು ತಿಳಿದಿದ್ದೆವು.

ಅಲೆದಾಡುವ ಈ ದಿನ ಆಗೊಮ್ಮೆ ಈಗೊಮ್ಮೆ ಇಂಗ್ಲಿಷ್ ತಾರೀಖಿನ ಮನೆಗೇ ಬಂದು ಕೂರುವುದೂ ಉಂಟು. 19 ಸೌರವರ್ಷಗಳಿಗೂ 235 ಚಾಂದ್ರಮಾಸಗಳಿಗೂ ಇರುವ ಅಂತರ ಎರಡು ಗಂಟೆಯಷ್ಟು ಮಾತ್ರ. ಆದುದರಿಂದ ಯಾರಿಗೇ ಆಗಲಿ 19, 38, 57, 76ನೆಯ ಹುಟ್ಟುಹಬ್ಬಗಳಲ್ಲಿ ತಿಥಿಯೂ ತಾರೀಖೂ ಒಂದೇ ದಿನಕ್ಕೆ, ಹೆಚ್ಚೆಂದರೆ ಒಂದು ದಿನ ಹಿಂದುಮುಂದಾಗಿ, ಬಂದು ಸೇರುತ್ತವೆ. ಅಮ್ಮನಿಗೆ 57 ತುಂಬಿದ 2000ದ ಜನವರಿ 21ರಂದು ಹುಣ್ಣಿಮೆ. 76 ತುಂಬಿದ 2019ರ ಜನವರಿ 21ರಂದೂ ಹುಣ್ಣಿಮೆಯೇ. ಓದುಗರು ತಮ್ಮ ಮನೆಯ ಹಿರಿಯರ ಜಾತಕವನ್ನು ತೆಗೆದು ಇದನ್ನು ಪರೀಕ್ಷಿಸಿ ನೋಡಬಹುದು. ಮಕ್ಕಳನ್ನು ಪಕ್ಕದಲ್ಲಿ ಕೂಡಿಸಿಕೊಂಡು ಮಾಡುವುದಕ್ಕೆ ಇದಕ್ಕಿಂತ ಒಳ್ಳೆಯ ಲೆಕ್ಕ ನನಗೆ ತಿಳಿಯದು.

ನಮ್ಮ ಪೂರ್ವಿಕರು ಆಯುಸ್ಸಿನ ಹಾದಿಯಲ್ಲಿ ನೆಟ್ಟ ಮೈಲಿಗಲ್ಲುಗಳೂ ಇಂಥ ಆಕಾಶದ ಲೆಕ್ಕಗಳೇ ಆಗಿವೆ. ಸುಮಾರು ಹನ್ನೆರಡು ವರ್ಷಗಳಿಗೊಮ್ಮೆ ಸುತ್ತುವ ಗುರುವೂ ಮೂವತ್ತು ವರ್ಷಗಳಿಗೊಮ್ಮೆ ಸುತ್ತುವ ಶನಿಯೂ ಹುಟ್ಟಿದಾಗಿನ ಸ್ಥಾನದ ಸಮೀಪಕ್ಕೆ ಒಟ್ಟಾಗಿ ಮರಳುವುದು ಅರವತ್ತನೆಯ ವರ್ಷದ ಆಸುಪಾಸಿನಲ್ಲಿ. ಪ್ರಭವಾದಿ ಸಂವತ್ಸರಗಳು ಅರವತ್ತೇ ಇರುವುದೂ, ಹುಟ್ಟಿದ ಸಂವತ್ಸರ ಮತ್ತೆ ಬಂದಾಗ ಷಷ್ಟ್ಯಬ್ದಪೂರ್ತಿಯನ್ನು ಆಚರಿಸುವುದೂ ಇದಕ್ಕೆ ಹೊಂದಿಕೊಂಡೇ ಇವೆ. ಅಮ್ಮ ಹುಟ್ಟಿದ ಚಿತ್ರಭಾನು ಸಂವತ್ಸರ ಮರಳಿದ್ದು 2002ರಲ್ಲಿ. ಎಪ್ಪತ್ತಕ್ಕೆ ಭೀಮರಥ ಶಾಂತಿ. ಅನಂತರದ ದೊಡ್ಡ ನಿಲುಗಡೆ ಸಹಸ್ರಚಂದ್ರದರ್ಶನ. ಸಾವಿರ ಪೂರ್ಣಚಂದ್ರರನ್ನು ಕಂಡ ಜೀವಕ್ಕೆ ಸಲ್ಲುವ ಗೌರವ ಅದು. ಹುಣ್ಣಿಮೆಯಿಂದ ಹುಣ್ಣಿಮೆಗೆ ಸರಾಸರಿ 29 ದಿನ, 12 ಗಂಟೆ, 44 ನಿಮಿಷ. ಇದನ್ನು ಸಾವಿರದಿಂದ ಗುಣಿಸಿದರೆ 80 ವರ್ಷ, ಸುಮಾರು 10 ತಿಂಗಳು. ಎಂಬತ್ತು ತುಂಬಿದೊಡನೆ ಆಚರಿಸುವವರೂ ಇದ್ದಾರೆ, ಎಂಬತ್ತೊಂದರವರೆಗೆ ಕಾಯುವವರೂ ಇದ್ದಾರೆ. ಹುಟ್ಟಿದ ದಿನದ ಹುಣ್ಣಿಮೆಯನ್ನೇ ಮೊದಲನೆಯದೆಂದು ಹಿಡಿದರೆ ಅಮ್ಮನ ಸಾವಿರದ ಚಂದ್ರ ಉದಯಿಸಿದ್ದು 2023ರ ಅಕ್ಟೋಬರ್ 28ರಂದು. ಆದರೆ ಆ ರಾತ್ರಿ ಪಾರ್ಶ್ವಗ್ರಹಣವಿತ್ತು. ಗ್ರಹಣದ ದಿನ ಶುಭಕಾರ್ಯವನ್ನು ಇಟ್ಟುಕೊಳ್ಳುವುದೆಂತು? ಪುರೋಹಿತರು ಪಂಚಾಂಗವನ್ನು ಮಡಚಿ, ‘ಚಂದ್ರನೂ ಸ್ವಲ್ಪ ವಿಶ್ರಾಂತಿ ತೆಗೆದುಕೊಳ್ಳಲಿ, ಜನ್ಮನಕ್ಷತ್ರದಂದೇ ಮಾಡೋಣ’ ಎಂದರು. ಪಂಚಾಂಗವನ್ನು ಮುಂದೆ ಸರಿಸಿ ನೋಡಿದಾಗ ಸಿಕ್ಕಿದ ದಿನ 2024ರ ಜನವರಿ 25: ಶೋಭಕೃತ್ ಸಂವತ್ಸರದ ಮಕರ ಮಾಸ, ಹುಣ್ಣಿಮೆ, ಪುಷ್ಯ ನಕ್ಷತ್ರ, ಗುರುವಾರ. ಅಮ್ಮ ಹುಟ್ಟಿದ್ದೂ ಗುರುವಾರ. ಮಾಸ, ತಿಥಿ, ವಾರ, ನಕ್ಷತ್ರ ನಾಲ್ಕೂ ಒಂದೇ ಎಳೆಯಲ್ಲಿ ಪೋಣಿಸಿದಂತೆ ಬಂದದ್ದನ್ನು ಕಂಡು ನಮಗೆಲ್ಲರಿಗೂ ಮೈ ಜುಮ್ಮೆಂದಿತು. ಮರುದಿನ ಗಣರಾಜ್ಯೋತ್ಸವದ ರಜೆಯಾದ್ದರಿಂದ ಬೆಂಗಳೂರಿನ ಮಕ್ಕಳಿಗೂ ಮಸ್ಕತ್ತಿನಿಂದ ಬರುವ ತಂಗಿಯ ಸಂಸಾರಕ್ಕೂ ಅನುಕೂಲವಾಯಿತು.

‘ಅಮ್ಮ, ಈ ಸಲ ನಿಮಗೇನು ಬೇಕು?’ ಎಂದು ಅತ್ತಿಗೆ ಕೇಳಿದಾಗ ಸೀರೆ, ಬಳೆ, ಕಾಶಿಯಾತ್ರೆ ಯಾವುದನ್ನೂ ಆಕೆ ಹೇಳಲಿಲ್ಲ. ‘ವಡಭಾಂಡೇಶ್ವರಕ್ಕೆ ಸಮುದ್ರಸ್ನಾನಕ್ಕೆ ಹೋದಾಗಲೆಲ್ಲ ಆ ದ್ವೀಪವನ್ನು ಇಲ್ಲಿಂದ ನೋಡಿದ್ದೇ ಆಯಿತು. ಅಲ್ಲಿಂದ ನಮ್ಮ ದಡ ಹೇಗೆ ಕಾಣುತ್ತದೆಂದು ಒಮ್ಮೆ ನೋಡಬೇಕು’ ಎಂದರು. ಮಲ್ಪೆಗೆ ಎರಡು ಮೈಲಿ ದೂರದ ಮನೆಗೆ ಸೊಸೆಯಾಗಿ ಬಂದು ಅರವತ್ತು ವರ್ಷ ಕಳೆದ ಹೆಂಗಸು, ದಡಕ್ಕೆ ಸುಮಾರು ಆರು ಕಿಲೋಮೀಟರ್ ದೂರದಲ್ಲಿರುವ ಸೇಂಟ್ ಮೇರೀಸ್ ದ್ವೀಪಕ್ಕೆ ಒಮ್ಮೆಯೂ ಹೋಗಿರಲಿಲ್ಲವೆಂಬ ಸಂಗತಿ ನಮಗೆ ಹೊಳೆದದ್ದು ಆಗ. ದೇಶದ ಎಲ್ಲ ಮೂಲೆಗಳಿಂದ ಜನ ಬಂದು ನೋಡಿ ಹೋಗುತ್ತಿದ್ದಾರೆ. ನಾವೇ ನೆಂಟರಿಷ್ಟರನ್ನು ಎಷ್ಟೋ ಬಾರಿ ಕರೆದುಕೊಂಡು ಹೋಗಿದ್ದೇವೆ. ಅಂಥ ದಿನಗಳಲ್ಲಿ ಬೆಳಗ್ಗೆ ಎದ್ದು ಎಲ್ಲರ ಬುತ್ತಿ ಕಟ್ಟಿಕೊಟ್ಟು ಬಾಗಿಲಲ್ಲಿ ನಿಂತು ಕಳುಹಿಸಿದವರು ಅಮ್ಮನೇ ಆಗಿದ್ದರು. ನಮ್ಮ ನಾಡಿನ ಮನೆಮನೆಗಳಲ್ಲಿ ಇಂಥ ಒಬ್ಬರು ಇರುತ್ತಾರೆಂದು ನಾನು ಬಲ್ಲೆ. ಅದನ್ನು ನೆನೆದಾಗ ಆದ ಸಂಕಟವನ್ನು ಇಲ್ಲಿ ವಿಸ್ತರಿಸಲಾರೆ.

ಬೆಳಗಿನ ಕಾರ್ಯ ಮನೆಯಲ್ಲಿಯೇ ನಡೆಯಿತು. ಎಣ್ಣೆ ಸ್ನಾನ, ಬೆಳ್ಳಿಯ ಚಂದ್ರಬಿಂಬವನ್ನಿರಿಸಿ ಪೂಜೆ, ಹೋಮ, ಆರತಿ. ವರ್ಧಂತಿಯಂದು ಎಳ್ಳುಬೆಲ್ಲ ಬೆರೆಸಿದ ಹಾಲನ್ನು ಅಂಗೈಯಲ್ಲಿ ಕೊಂಚವೇ ಹಾಕಿಸಿಕೊಂಡು, ಮೃತ್ಯುವನ್ನು ಗೆದ್ದ ಬಾಲಕ ಮಾರ್ಕಂಡೇಯನನ್ನು ನೆನೆದು ಕುಡಿಯುವ ಪದ್ಧತಿಯೊಂದು ನಮ್ಮ ಧರ್ಮಗ್ರಂಥಗಳಲ್ಲಿ ವಿಹಿತವಾಗಿದ್ದು, ಇತ್ತೀಚೆಗೆ ಕೇಕಿನ ಮುಂದೆ ಮರೆಯಾಗುತ್ತ ಬಂದಿದೆ. ಅದನ್ನು ಅಂದು ಮಾಡಿಸಿದೆವು. ಅದರೊಡನೆ ಏಳು ಮಂದಿ ಚಿರಂಜೀವಿಗಳನ್ನೂ ಸ್ಮರಿಸಬೇಕು: ಅಶ್ವತ್ಥಾಮ, ಬಲಿ, ವ್ಯಾಸ, ಹನುಮಂತ, ವಿಭೀಷಣ, ಕೃಪ, ಪರಶುರಾಮ. ಪುರೋಹಿತರು ಈ ಹೆಸರುಗಳನ್ನು ಹೇಳುತ್ತಿದ್ದಂತೆ ನನಗೆ, ಇವರಲ್ಲಿ ಮೂವರಾದರೂ ಸಮುದ್ರಕ್ಕೆ ಸಂಬಂಧಪಟ್ಟವರಲ್ಲವೆ, ಎಂದು ಹೊಳೆಯಿತು. ಕಡಲನ್ನು ಹಾರಿದವನು ಹನುಮಂತ. ದ್ವೀಪವೊಂದಕ್ಕೆ ಅರಸನಾದವನು ವಿಭೀಷಣ. ಕೊಡಲಿಯನ್ನೆಸೆದು ಕಡಲನ್ನು ಹಿಂದೆ ಸರಿಸಿ ನಾವು ನಿಂತಿರುವ ಈ ನೆಲವನ್ನೇ ಪಡೆದನೆಂದು ಕರಾವಳಿಯವರು ನಂಬಿರುವುದು ಪರಶುರಾಮನನ್ನು. ಊಟಕ್ಕೆ ಅಮ್ಮನಿಗೆ ಪ್ರಿಯವಾದ ಹಯಗ್ರೀವ ಮಡ್ಡಿಯೂ ಕಡಲೆಬೇಳೆ ಪಾಯಸವೂ ಇದ್ದವು. ಮೊಮ್ಮಕ್ಕಳು ಸಂಜೆಗೆ ಕೇಕ್ ತರಿಸಿದ್ದರು. ಅದಕ್ಕೂ ನಮ್ಮ ಅಡ್ಡಿಯಿರಲಿಲ್ಲ.

ದ್ವೀಪಕ್ಕೆ ಹೋಗುವವರು ಮಾಸವನ್ನೂ ಹೊತ್ತನ್ನೂ ನೋಡಿಕೊಳ್ಳಬೇಕು. ಮುಂಗಾರು ಹಿಡಿದ ಮೇಲೆ ಕಡಲು ಒರಟಾಗುವುದರಿಂದ ಮಳೆಗಾಲದ ತಿಂಗಳುಗಳಲ್ಲಿ ದೋಣಿಗಳ ಸಂಚಾರವಿರುವುದಿಲ್ಲ. ಮಕರ, ಕುಂಭ ಮಾಸಗಳಲ್ಲಿ ಸಮುದ್ರ ಎಣ್ಣೆ ಸವರಿದಂತೆ ಶಾಂತವಾಗಿರುತ್ತದೆ. ದ್ವೀಪದಲ್ಲಿ ರಾತ್ರಿ ತಂಗುವಂತಿಲ್ಲ, ಸಂಜೆಗೆ ಹಿಂದಿರುಗಲೇಬೇಕು. ಹುಣ್ಣಿಮೆಯಾದ್ದರಿಂದ ಭರತ ಇಳಿತಗಳ ಲೆಕ್ಕವೂ ಒಂದಿತ್ತು. ಚಂದ್ರನ ಸೆಳೆತದಿಂದ ಕಡಲು ದಿನಕ್ಕೆ ಎರಡು ಬಾರಿ ಏರಿ ಎರಡು ಬಾರಿ ಇಳಿಯುವುದು ಎಲ್ಲರಿಗೂ ತಿಳಿದದ್ದು. ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಸೂರ್ಯ, ಭೂಮಿ, ಚಂದ್ರ ಮೂವರೂ ಒಂದೇ ಸಾಲಿನಲ್ಲಿ ನಿಲ್ಲುವುದರಿಂದ ಸೂರ್ಯನ ಸೆಳೆತವೂ ಚಂದ್ರನದರೊಡನೆ ಕೂಡಿ, ನೀರು ಬೇರೆ ದಿನಗಳಿಗಿಂತ ಹೆಚ್ಚು ಎತ್ತರಕ್ಕೆ ಏರುತ್ತದೆ, ಹೆಚ್ಚು ಆಳಕ್ಕೆ ಇಳಿಯುತ್ತದೆ. ನಮ್ಮ ಕಡೆ ಅಂಥ ದಿನಗಳಲ್ಲಿ ನಡುಹಗಲಿನ ಸುಮಾರಿಗೆ ಭರತ, ಸಂಜೆಯ ಸುಮಾರಿಗೆ ಇಳಿತ. ‘ಎರಡೂವರೆಗೆ ಹೊರಟರೆ ಅಮ್ಮನವರನ್ನು ಇಳಿಸುವುದು ಸುಲಭ, ನೀರು ಇನ್ನೂ ಇರುತ್ತದೆ, ತಡವಾದರೆ ಕಲ್ಲು ಮೇಲೆ ಬರುತ್ತದೆ’ ಎಂದು ದೋಣಿಯವನು ಪಂಚಾಂಗ ನೋಡದೆಯೇ ಹೇಳಿದನು. ನಾವು ಹದಿನಾಲ್ಕು ಮಂದಿಗಾಗಿಯೇ ಒಂದು ದೋಣಿಯನ್ನು ಗೊತ್ತುಮಾಡಿದ್ದೆವು.

ಅಮ್ಮನ ಮಂಡಿಗಳು ಈಗ ಮೆಟ್ಟಿಲಿಗೂ ಒಗ್ಗುವುದಿಲ್ಲ. ದೋಣಿಯ ಹುಡುಗರಿಬ್ಬರು ಕೆಂಪು ಪ್ಲಾಸ್ಟಿಕ್ ಕುರ್ಚಿಯೊಂದರಲ್ಲಿ ಆಕೆಯನ್ನು ಕೂಡಿಸಿ, ಮೊಣಕಾಲುದ್ದದ ನೀರಿನಲ್ಲಿ ನಡೆದು, ಕುರ್ಚಿಯ ಸಮೇತ ಎತ್ತಿ ಮರಳ ಮೇಲೆ ಇಟ್ಟರು. ಆಕೆ ಒಂದು ಕೈಯಲ್ಲಿ ಕಪ್ಪು ಕೊಡೆಯನ್ನು ಬಿಚ್ಚಿ ಹಿಡಿದುಕೊಂಡು, ಇನ್ನೊಂದು ಕೈಯನ್ನು ಹುಡುಗನ ಭುಜದ ಮೇಲೆ ಇಟ್ಟು, ‘ಜಾರೀತು ಮಗಾ, ನಿನ್ನ ಕಾಲು ನೋಡಿಕೋ’ ಎಂದು ಹೊತ್ತವನಿಗೇ ಬುದ್ಧಿ ಹೇಳುತ್ತ ಬಂದರು. ಕೆಳಗಿಳಿಸಿದ ಕೂಡಲೇ ಬಾಗಿ ಮರಳನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಅಷ್ಟರಲ್ಲಿ ತೆಂಗಿನ ಮರಗಳ ಮೇಲಿನಿಂದ ಬಿಳಿಯ ಎದೆಯ ಗರುಡ ಪಕ್ಷಿಯೊಂದು ಅರ್ಧ ಸುತ್ತು ಹಾಕಿ ನೀರಿನ ಕಡೆಗೆ ಹೋಯಿತು. ಆಕೆ ಕೊಡೆಯನ್ನು ಕೆಳಗಿಟ್ಟು ಕೈಮುಗಿದು, ಅದು ಕಣ್ಮರೆಯಾಗುವವರೆಗೂ ನಿಂತೇ ಇದ್ದರು.

ಈ ದ್ವೀಪಸಮೂಹಕ್ಕೆ ನಮ್ಮವರ ಹೆಸರು ತೋನ್ಸೆಪಾರ್. ವಾಸ್ಕೋ ಡ ಗಾಮನು 1498ರಲ್ಲಿ ಕಲ್ಲಿಕೋಟೆಯನ್ನು ಬಿಟ್ಟು ಹಿಂದಿರುಗುವಾಗ ಇಲ್ಲಿಗೆ ಬಂದು, ಕನ್ಯಾಮೇರಿಯ ಹೆಸರಿನಲ್ಲಿ ಒಂದು ಸ್ತಂಭವನ್ನು ನೆಟ್ಟನೆಂದೂ ಅದರಿಂದಲೇ ಸೇಂಟ್ ಮೇರೀಸ್ ಎಂಬ ಹೆಸರು ಬಂತೆಂದೂ ಪ್ರತೀತಿ. ಮಲ್ಪೆಯೆದುರಿನ ಈ ನಡುಗಡ್ಡೆಗಳಲ್ಲಿ ದರಿಯಾ ಬಹಾದ್ದೂರಗಡವೂ ಒಂದು. ಅದರ ಮೇಲಿನ ಕೋಟೆಯನ್ನು ಕಟ್ಟಿಸಿದವನು ಬಿದನೂರಿನ ಬಸಪ್ಪನಾಯಕ. ನಾವು ಇಳಿದದ್ದು ತೆಂಗಿನ ಮರಗಳಿರುವ ದ್ವೀಪದಲ್ಲಿ. ಪ್ರವಾಸಿಗಳೆಲ್ಲ ಹೋಗುವುದು ಅಲ್ಲಿಗೇ. ಉದ್ದ ಅರ್ಧ ಕಿಲೋಮೀಟರಿನಷ್ಟು, ಅಗಲ ಅದರ ಐದನೆಯ ಒಂದು ಪಾಲು. ಆರೋಗ್ಯವಂತನು ಒಂದು ಗಳಿಗೆಯಲ್ಲಿ ಸುತ್ತಿ ಬರಬಹುದು.

ಆದರೆ ಅಲ್ಲಿ ನೋಡಬೇಕಾದದ್ದು ಕಲ್ಲು. ನೆಲದಿಂದ ನೇರವಾಗಿ ಎದ್ದು ನಿಂತ, ಬಡಗಿಯೊಬ್ಬನು ಉಳಿ ಹಿಡಿದು ಕೆತ್ತಿ ಸಾಲಾಗಿ ಜೋಡಿಸಿದಂತೆ ತೋರುವ, ಐದು ಆರು ಏಳು ಮುಖಗಳ ಕಂಬಗಳು; ಕೆಲವು ಮೊಣಕಾಲೆತ್ತರ, ಕೆಲವು ಆರು ಮೀಟರಿನವರೆಗೆ. ಮನುಷ್ಯನ ಕೈ ಇವನ್ನು ಮುಟ್ಟಿಲ್ಲ. ಬೇಸಗೆಯಲ್ಲಿ ಕೆರೆಯ ನೀರು ಆರಿದಾಗ ಅಂಗಳದ ಕೆಸರು ಒಣಗಿ ಬಿರಿಯುವುದನ್ನು ನೋಡಿದವರಿಗೆ ಇದರ ಗುಟ್ಟು ಅರ್ಧ ತಿಳಿದಂತೆಯೇ. ನೀರು ಹೋದಂತೆ ಕೆಸರು ಕುಗ್ಗುತ್ತದೆ. ಕುಗ್ಗುವ ಹಾಸು ಎಲ್ಲಿಯಾದರೂ ಹರಿಯಲೇಬೇಕಷ್ಟೆ. ಮೂರು ಬಿರುಕುಗಳು ಒಂದು ಬಿಂದುವಿನಲ್ಲಿ ಪರಸ್ಪರ ಸಮಾನವಾದ ಕೋನಗಳಲ್ಲಿ ಕೂಡುವಂತೆ ಹರಿದರೆ ಅತ್ಯಂತ ಕಡಿಮೆ ಬಿರುಕಿನಲ್ಲಿ ಅತ್ಯಂತ ಹೆಚ್ಚು ಬಿಗಿತ ಸಡಿಲುತ್ತದೆ. ಹಾಗೆ ಹರಿದ ಬಿರುಕುಗಳು ಸುತ್ತಿಕೊಂಡು ಬರುವ ಆಕೃತಿಯೇ ಷಟ್ಕೋನ. ಇಲ್ಲಿ ಕೆಸರಿನ ಬದಲು ಭೂಗರ್ಭದಿಂದ ಹರಿದುಬಂದ ಲಾವಾರಸ. ಒಣಗುವುದರ ಬದಲು ತಣಿಯುವುದು. ಲಾವಾದ ಮೇಲ್ಮೈ ಮೊದಲು ತಣಿದು ಬಿರಿಯಿತು. ತಂಪು ಒಳಗೊಳಗೆ ಇಳಿದಂತೆಲ್ಲ ಬಿರುಕುಗಳೂ ಅದರ ಬೆನ್ನು ಹಿಡಿದು ಕೆಳಕ್ಕೆ ಇಳಿದವು. ಮೇಲೆ ಷಟ್ಕೋನವಾಗಿದ್ದುದು ಕೆಳಗೆ ಹೋಗುತ್ತ ಹೋಗುತ್ತ ಕಂಬವಾಯಿತು. ಜನ ಇದನ್ನು ಬಸಾಲ್ಟ್ ಎನ್ನುವುದು ರೂಢಿಯಾದರೂ, ಸಿಲಿಕಾಂಶ ಅದಕ್ಕಿಂತ ಹೆಚ್ಚಾಗಿರುವ ರಯೋಲೈಟ್, ಡೇಸೈಟ್ ಜಾತಿಯ ಶಿಲೆಯಿದು ಎನ್ನುತ್ತಾರೆ ಭೂವಿಜ್ಞಾನಿಗಳು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ.

ಲಾವಾ ಹರಿದ ಕಾಲ ಸುಮಾರು 8.5 ಕೋಟಿ ವರ್ಷಗಳ ಹಿಂದಿನದು. ಮಡಗಾಸ್ಕರ್ ದ್ವೀಪವು ಅದುವರೆಗೆ ನಮ್ಮ ಪಶ್ಚಿಮ ತೀರಕ್ಕೆ ಅಂಟಿಕೊಂಡಿತ್ತು. ನೆಲದೊಡಲಿನ ಕಾವಿನಿಂದ ಹೊರಮೈ ಬಿರಿದು, ಒಂದಾಗಿದ್ದ ಭೂಖಂಡ ಎರಡಾಗಿ ಅಗಲುವ ಆ ಕಾಲದಲ್ಲಿ ಉಕ್ಕಿದ ಲಾವಾದ ಒಂದು ತುಣುಕೇ ಮಲ್ಪೆಯ ಎದುರು ಉಳಿದಿದೆ. ಇಂದು ಮಡಗಾಸ್ಕರಿಗೂ ನಮಗೂ ನಡುವೆ ಮಹಾಸಾಗರ. ಪರಶುರಾಮನ ಕಥೆಯನ್ನು ಬೆಳಗ್ಗೆ ಕೇಳಿ ಮಧ್ಯಾಹ್ನ ಈ ಕಥೆಯನ್ನು ಕಲ್ಲಿನ ಮುಂದೆ ನಿಂತು ಹೇಳುವಾಗ, ಕಡಲು ತೆರೆದು ನೆಲ ಕಾಣಿಸಿತೆಂಬ ಮಾತೂ ನೆಲ ಹರಿದು ಕಡಲು ಒಳನುಗ್ಗಿತೆಂಬ ಮಾತೂ ಒಂದೇ ದಡದಲ್ಲಿ ನಿಂತವರ ಮಾತುಗಳೆಂದು ನನಗೆ ಅನಿಸಿತು. ಅಮ್ಮ ಎಲ್ಲವನ್ನೂ ಕೇಳಿ, ಒಂದು ಕಂಬದ ತಲೆಯನ್ನು ಅಂಗೈಯಿಂದ ಸವರಿ, ‘ನಮ್ಮ ಹಿತ್ತಿಲ ಜೇನುಹಟ್ಟಿಯ ಹಾಗಿದೆ’ ಎಂದರು. ಅಷ್ಟು ಹೊತ್ತು ಷಟ್ಕೋನವನ್ನು ವರ್ಣಿಸಿದ ನನಗೆ ಆ ಹೋಲಿಕೆ ಹೊಳೆದಿರಲಿಲ್ಲ.

ಅಣ್ಣನ ಮಗ ಇಂಜಿನಿಯರಿಂಗ್ ಓದುವವನು. ಬೆಳಗಿನಿಂದ ಸಾವಿರ ಚಂದ್ರರ ಲೆಕ್ಕವನ್ನು ಕೇಳಿದ್ದವನು ಮೊಬೈಲಿನಲ್ಲಿ ಏನನ್ನೋ ಗುಣಿಸುತ್ತಿದ್ದು, ‘ಅಜ್ಜಿ, ಈ ಕಲ್ಲು ನೂರು ಕೋಟಿಗೂ ಮಿಕ್ಕಿ ಹುಣ್ಣಿಮೆಗಳನ್ನು ನೋಡಿದೆ’ ಎಂದನು. ಇಂದಿನ ವರ್ಷಮಾನದಲ್ಲಿ ನೋಡಿದರೆ ಆ ಸಂಖ್ಯೆ ಸರಿ. ಅವನು ಹೇಳಿದ ಇನ್ನೊಂದು ಮಾತು ನನ್ನ ಮನಸ್ಸಿನಲ್ಲಿ ಇನ್ನೂ ಆಳವಾಗಿ ನಿಂತಿದೆ. ಭರತ ಇಳಿತಗಳು ಚಂದ್ರನ ಕೆಲಸವೆಂದರೆ ಆ ಕೆಲಸಕ್ಕೆ ತೆರಬೇಕಾದ ಬೆಲೆಯೂ ಒಂದಿದೆಯಂತೆ: ಉಬ್ಬಿದ ಕಡಲಿನ ತಿಕ್ಕಾಟದಿಂದ ಭೂಮಿ ತಿರುಗುವ ವೇಗ ಕಿಂಚಿತ್ ಕಿಂಚಿತ್ತಾಗಿ ತಗ್ಗುತ್ತ, ಅದು ಕಳೆದುಕೊಂಡುದನ್ನು ಪಡೆದ ಚಂದ್ರನು ವರ್ಷಕ್ಕೆ ಸುಮಾರು 3.8 ಸೆಂಟಿಮೀಟರಿನಂತೆ ನಮ್ಮಿಂದ ದೂರ ಸರಿಯುತ್ತಿದ್ದಾನೆ. 1969ರಲ್ಲಿ ಅಪೊಲೊ 11ರ ಯಾತ್ರಿಕರು ಚಂದ್ರನ ಮೇಲೆ ಇಟ್ಟುಬಂದ ಪ್ರತಿಫಲಕಕ್ಕೆ ಲೇಸರ್ ಕಿರಣವನ್ನು ಹಾಯಿಸಿ, ಅದು ಮರಳಿ ಬರುವ ಕಾಲವನ್ನು ಅಳೆದು ಇದನ್ನು ಕಂಡುಹಿಡಿದಿದ್ದಾರೆ. ‘ಹಾಗಾದರೆ ಅಜ್ಜಿ ಹುಟ್ಟಿದಾಗ ಇದ್ದುದಕ್ಕಿಂತ ಈಗ ಎಷ್ಟು ದೂರ?’ ಎಂದು ತಂಗಿ ಕೇಳಿದಳು. 81ರಿಂದ ಗುಣಿಸಿದರೆ ಮೂರು ಮೀಟರಿಗೆ ಸ್ವಲ್ಪ ಹೆಚ್ಚು. ಹುಡುಗನು ಎತ್ತರದ ಕಂಬವೊಂದರ ಪಕ್ಕ ನಿಂತು, ಕೈಯನ್ನು ತಲೆಯ ಮೇಲೆ ಚಾಚಿ ಕಂಬದ ನಡುಭಾಗವನ್ನು ತೋರಿಸಿ, ಇನ್ನೂ ಸ್ವಲ್ಪ ಮೇಲಕ್ಕೆ ಎಂದನು. ಅಮ್ಮ ಕತ್ತನ್ನೆತ್ತಿ ಅಷ್ಟನ್ನು ಕಣ್ಣಿನಲ್ಲೇ ಅಳೆದರು. ಒಂದು ಜೀವಮಾನದ ಅವಧಿಯಲ್ಲಿ ಚಂದ್ರನು ಸರಿದ ದೂರವನ್ನು ಒಂದು ಕಲ್ಲಿನ ಮೇಲೆ ಬೆರಳಿಟ್ಟು ತೋರಿಸಬಹುದೆಂದು ಆ ಗಳಿಗೆಯವರೆಗೆ ನಾನು ಕಲ್ಪಿಸಿರಲಿಲ್ಲ.

ಪಶ್ಚಿಮದ ಅಂಚಿನಲ್ಲಿ ಮರಳಿಗಿಂತ ಚಿಪ್ಪುಗಳೇ ಹೆಚ್ಚು. ಅಲ್ಲಿ ಅಲೆಗಳು ಬಂಡೆಗಳ ಸಂದಿನಲ್ಲಿ ಹಠಾತ್ತನೆ ಮೇಲೇಳುತ್ತವಾದ್ದರಿಂದ ನೀರಿಗಿಳಿಯಬಾರದೆಂಬ ಎಚ್ಚರಿಕೆಯನ್ನು ಎಲ್ಲರೂ ಪಾಲಿಸಲೇಬೇಕು. ಮಕ್ಕಳೊಡನೆ ಹೋಗುವವರಿಗೆ ಇದನ್ನು ಒತ್ತಿ ಹೇಳುತ್ತೇನೆ. ಐದು ವರ್ಷದ ಮರಿಮಗಳು ನೀರಿನಿಂದ ದೂರ ಕುಳಿತು, ಮುತ್ತಜ್ಜಿಯ ವಯಸ್ಸಿನಷ್ಟು ಚಿಪ್ಪುಗಳನ್ನು ಆರಿಸುತ್ತೇನೆಂದು ಹೊರಟಳು. ಆಕೆಗೆ ಎಣಿಸಲು ಬರುವುದು ಇಪ್ಪತ್ತರವರೆಗೆ ಮಾತ್ರ. ಚಪ್ಪಟೆಯಾದೊಂದು ಕಂಬದ ತಲೆಯ ಮೇಲೆ ಇಪ್ಪತ್ತು ಜೋಡಿಸಿ, ಪಕ್ಕದ ಕಂಬದ ಮೇಲೆ ಮತ್ತೆ ಒಂದರಿಂದ ಆರಂಭಿಸಿ, ಹೀಗೆ ನಾಲ್ಕು ಕಂಬಗಳನ್ನು ತುಂಬಿದಳು. ಕೊನೆಗೆ ಒಂದೇ ಒಂದು ಬಿಳಿಯ ಚಿಪ್ಪನ್ನು ತಂದು ಮುತ್ತಜ್ಜಿಯ ಅಂಗೈಯಲ್ಲಿಟ್ಟು, ‘ಇದು ಮಿಕ್ಕಿದ್ದು’ ಎಂದಳು. ಅಮ್ಮ ಅದನ್ನು ಬೆಳಕಿಗೆ ಹಿಡಿದು ನೋಡಿ, ಹೊರಡುವ ಮುನ್ನ ಐದನೆಯ ಕಂಬದ ಮೇಲೆ ತಾವೇ ಇಟ್ಟರು. ಒಂದನ್ನೂ ಮನೆಗೆ ತರಲಿಲ್ಲ.

ಕುರ್ಚಿಯನ್ನು ಪೂರ್ವದ ಕಡೆಗೆ ತಿರುಗಿಸಿ ಹಾಕಿಸಿಕೊಂಡು ಆಕೆ ಬಹಳ ಹೊತ್ತು ದಡವನ್ನೇ ನೋಡುತ್ತ ಕುಳಿತರು. ದೂರದಿಂದ ನಮ್ಮ ಊರೆಂದರೆ ಒಂದು ಹಸುರು ಗೆರೆ. ಗೆರೆಯ ಹಿಂದೆ ನೀಲಿಯಾಗಿ, ಬಿಸಿಲ ಮಬ್ಬಿನಲ್ಲಿ ಇದ್ದೂ ಇಲ್ಲದಂತೆ, ಘಟ್ಟದ ಸಾಲು. ದೇವಸ್ಥಾನ ಎಲ್ಲಿ, ಬಂದರು ಎಲ್ಲಿ, ಮನೆಯಿರುವ ದಿಕ್ಕು ಯಾವುದು ಎಂದು ಒಂದೊಂದನ್ನೇ ಕೇಳಿ ತಿಳಿದರು. ‘ಇಷ್ಟು ಸಣ್ಣದೇ?’ ಎಂದರು, ಸ್ವಲ್ಪ ತಡೆದು, ‘ಇಷ್ಟರಲ್ಲೇ ಎಷ್ಟು ಓಡಾಡಿದೆವು’ ಎಂದರು. ತಂದೆಯವರು ತೀರಿಹೋದ ಮೇಲೆ ಅವರ ಮಾತು ಆಡುವುದನ್ನೇ ಕಡಿಮೆ ಮಾಡಿದ್ದ ಆಕೆ, ಹೊಸದಾಗಿ ಮದುವೆಯಾಗಿದ್ದಾಗ ಒಮ್ಮೆ ಇಲ್ಲಿಗೆಂದೇ ಇಬ್ಬರೂ ಹೊರಟು ಬಂದರಿನವರೆಗೆ ಬಂದಿದ್ದರೆಂದೂ, ಅಷ್ಟರಲ್ಲಿ ಮನೆಯಿಂದ ಆಳು ಬಂದು ಹಸು ಕರು ಹಾಕುತ್ತಿದೆಯೆಂದು ಕರೆದದ್ದರಿಂದ ಹಿಂದಿರುಗಿದರೆಂದೂ ಅಲ್ಲಿ ಕುಳಿತು ಹೇಳಿದರು. ನಮ್ಮಲ್ಲಿ ಯಾರೂ ಅದನ್ನು ಹಿಂದೆ ಕೇಳಿರಲಿಲ್ಲ. ಮನೆಯಲ್ಲಾಗಿದ್ದರೆ ಒಬ್ಬರು ಫೋನಿಗೆಂದು ಎದ್ದು ಹೋಗುತ್ತಿದ್ದರು, ಇನ್ನೊಬ್ಬರು ಒಲೆಯ ಮೇಲಿನ ಹಾಲಿಗೆಂದು. ಅಲ್ಲಿ ಎದ್ದು ಹೋಗುವುದಕ್ಕೆ ಬೇರೆ ಜಾಗವೇ ಇರಲಿಲ್ಲ. ಹದಿನಾಲ್ಕು ಮಂದಿಯೂ ಕಂಬಗಳ ಮೇಲೆ, ಮರಳ ಮೇಲೆ, ಒಬ್ಬರ ನೆರಳಿನಲ್ಲಿ ಒಬ್ಬರು ಕುಳಿತು ಆ ಕರುವಿನ ಹೆಸರಿನವರೆಗೂ ಕೇಳಿದೆವು. ಅದರ ಹೆಸರು ಗೌರಿ.

ಇಳಿತ ಹೆಚ್ಚಿ ಬಂಡೆಗಳ ಕಪ್ಪು ಬುಡಗಳು ಒಂದೊಂದಾಗಿ ಹೊರಬಂದವು. ದೋಣಿಯವನು ಕರೆದನು, ಕೆಂಪು ಕುರ್ಚಿ ಮತ್ತೆ ಎದ್ದಿತು. ಪೂರ್ಣಿಮೆಯ ಪರಮಾವಧಿ ಅಂದು ನಡುರಾತ್ರಿಗೆ ಸ್ವಲ್ಪ ಮುಂಚೆ ಇದ್ದುದರಿಂದ ಚಂದ್ರೋದಯವು ಸೂರ್ಯಾಸ್ತಕ್ಕೆ ತುಸು ಮೊದಲೇ ಆಗಬೇಕೆಂದು ಲೆಕ್ಕ ಹಾಕಿದ್ದ ನಾನು, ಘಟ್ಟದ ಮಬ್ಬಿನಲ್ಲಿ ಅದು ಕಾಣುವುದೋ ಇಲ್ಲವೋ ಎಂಬ ಕಾತರದಿಂದ ಪೂರ್ವದ ಕಡೆಗೇ ನೋಡುತ್ತಿದ್ದೆನು. ದಡಕ್ಕೆ ಇನ್ನೂ ಒಂದು ಕಿಲೋಮೀಟರಿನಷ್ಟು ದೂರವಿರುವಾಗ ಮೊದಲು ನೋಡಿದವಳು ಮರಿಮಗಳು. ಬೆಟ್ಟದ ಸಾಲಿನ ಮೇಲೆ, ಬಣ್ಣವಿನ್ನೂ ತುಂಬದ, ತೊಳೆದಿಟ್ಟ ಕಂಚಿನ ತಟ್ಟೆಯಂಥ ಬಿಂಬ. ಹಿಂದಕ್ಕೆ ನೋಡಿದರೆ ದ್ವೀಪದ ತೆಂಗಿನ ತಲೆಗಳ ಆಚೆ ಸೂರ್ಯ, ನೀರಿಗೆ ಇನ್ನೊಂದು ಗೇಣು ಮೇಲೆ. ಅಮ್ಮ ಚಂದ್ರನಿಗೆ ಕೈಮುಗಿದು, ಸೂರ್ಯನಿಗೂ ಮುಗಿಯಬೇಕೆಂದು ಹಿಂದಕ್ಕೆ ತಿರುಗಲು ಯತ್ನಿಸಿದರು, ಕುತ್ತಿಗೆ ತಿರುಗಲಿಲ್ಲ. ಚುಕ್ಕಾಣಿಯಲ್ಲಿದ್ದವನು ಅದನ್ನು ಗಮನಿಸಿ, ಒಂದು ಮಾತನ್ನೂ ಆಡದೆ ಇಂಜಿನನ್ನು ನಿಲ್ಲಿಸಿ, ದೋಣಿಯನ್ನು ಮೆಲ್ಲಗೆ ಉತ್ತರಕ್ಕೆ ಅಡ್ಡಲಾಗಿ ತಿರುಗಿಸಿದನು. ಅಮ್ಮ ಈಗ ಅಲುಗಾಡದೆ ಕುಳಿತಿದ್ದರು: ಎಡಗೈಯ ಕಡೆಗೆ ಸೂರ್ಯ, ಬಲಗೈಯ ಕಡೆಗೆ ಚಂದ್ರ, ದೋಣಿಯ ಬದಿಗೆ ನೀರು ಬಡಿಯುವ ಸದ್ದು.